ಅಪ್ಪನ ಎಡೆಗೆ ಚಪಾತಿ

ಕುಟುಂಬ ಎಂಬ ವಿಷಯದಲ್ಲಿ ನನಗೆ ಎರಡು ಕಡೆಯಿಂದಲೂ ಸುಸ್ತಾಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಅದನ್ನು ಪಾಠ ಮಾಡುತ್ತೇನೆ, ಮನೆಗೆ ಬಂದರೆ ಅದರೊಳಗೇ ಇರುತ್ತೇನೆ. ಬೇರೆ ಮೇಷ್ಟ್ರುಗಳಿಗೆ ಈ ತಾಪತ್ರಯವಿಲ್ಲ. ಗಣಿತದವರು ಸಂಜೆ ಮನೆಗೆ ಹೋದರೆ ಬಾಗಿಲು ತೆಗೆಯುವುದು ಹೆಂಡತಿಯೇ ಹೊರತು ವರ್ಗಸಮೀಕರಣವಲ್ಲ. ರಸಾಯನಶಾಸ್ತ್ರದವರ ಆಮ್ಲಗಳು ಲ್ಯಾಬಿನ ಬೀರುವಿನಲ್ಲೇ ಬೀಗ ಹಾಕಿಸಿಕೊಂಡು ಕೂತಿರುತ್ತವೆ. ನಾನು ಮಾತ್ರ ಹೊಳೆನರಸೀಪುರದಲ್ಲಿ ‘ಕುಟುಂಬ: ಒಂದು ಸಾಮಾಜಿಕ ಸಂಸ್ಥೆ’ ಎಂಬ ಅಧ್ಯಾಯವನ್ನು ಅರ್ಧಕ್ಕೆ ನಿಲ್ಲಿಸಿ, ಬಸ್ಸು ಹತ್ತಿ ಹಾಸನಕ್ಕೆ ಬಂದು, ಉಳಿದರ್ಧವನ್ನು ಮನೆಯಲ್ಲಿ ಅನುಭವಿಸಬೇಕು. ಆ ಅಧ್ಯಾಯವನ್ನು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆಂದರೆ, ‘ಕುಟುಂಬವು ಸಮಾಜದ ಮೂಲ ಘಟಕ’ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಬೆಂಚಿನವರು ಆಕಳಿಸಲು ಬಾಯಿ ತೆರೆದಿರುತ್ತಾರೆ. ಅವರನ್ನು ನೋಡಿ ನನಗೂ ಆಕಳಿಕೆ ಬರುತ್ತದೆ. ಒಂದು ದಿನ ಮನೆಯಲ್ಲಿ ಪ್ರಶ್ನೆಪತ್ರಿಕೆ ತಯಾರಿಸುತ್ತಾ ಕುಟುಂಬದ ಕಾರ್ಯಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ರಕ್ಷಣೆ, ಪೋಷಣೆ, ಸಾಮಾಜೀಕರಣ, ಭಾವನಾತ್ಮಕ ಆಸರೆ. ಅಡುಗೆಮನೆಯಿಂದ ನನ್ನ ಹೆಂಡತಿ ಸುಮಿತ್ರ, “ರೀ, ಪಾತ್ರೆ ತೊಳೆಯೋದು ಅದರಲ್ಲಿ ಬರಲ್ವಾ?” ಎಂದು ಕೇಳಿದಳು. “ಅದು ಶ್ರಮವಿಭಜನೆ ಅಂತ ಬೇರೆ ಅಧ್ಯಾಯದಲ್ಲಿ ಬರುತ್ತೆ” ಎಂದೆ. “ಹಾಗಿದ್ರೆ ಅದನ್ನೇ ಮೊದಲು ಮುಗಿಸಿ ಬನ್ನಿ” ಎಂದು ಸಿಂಕಿನ ಕಡೆ ಕೈ ತೋರಿಸಿದಳು. ಆ ದಿನ ನನಗೆ ತುರ್ತಾಗಿ ಒಂದು ಫೋನ್ ಬಂದದ್ದರಿಂದ ಅಧ್ಯಾಯ ಶುರುವಾಗಲಿಲ್ಲ.

ನಾವು ಮೂರು ಜನ ಒಡಹುಟ್ಟಿದವರು. ದೊಡ್ಡವನು ಅಣ್ಣ. ದಂಡಿಗನಹಳ್ಳಿ ಕಡೆಯ ಜಮೀನು ನೋಡಿಕೊಂಡು, ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ ಇಟ್ಟುಕೊಂಡಿದ್ದಾನೆ. ನಡುವಿನವಳು ಅಕ್ಕ. ಅವಳನ್ನು ಅರಕಲಗೂಡಿಗೆ ಕೊಟ್ಟಿದೆ, ರಾಮನಾಥಪುರದ ಹತ್ತಿರ ಅವರದು ಹೊಗೆಸೊಪ್ಪಿನ ಬೇಸಾಯ. ಕೊನೆಯವನು ನಾನು, ಚಂದ್ರಶೇಖರ. ಮನೆಯವರ ಬಾಯಲ್ಲಿ ಚಂದ್ರ. ಅಪ್ಪ ಹೋದ ಮೇಲೆ ಅಣ್ಣನೂ ನಾನೂ ಭಾಗ ಮಾಡಿಕೊಂಡೆವು. ಹೊಲ ಎರಡಾಯಿತು, ತೆಂಗಿನ ಮರ ಎರಡು ಪಾಲಾಯಿತು, ಬೋರ್‌ವೆಲ್ಲಿನ ನೀರು ಬಿಡುವ ಸರದಿಯೂ ಎರಡಾಯಿತು. ಸ್ನಾನದ ಹಂಡೆಯನ್ನು ಎರಡು ಮಾಡಲಾಗದೆ ಅಣ್ಣನಿಗೇ ಬಿಟ್ಟು, ಅದರ ಬದಲಿಗೆ ನಾನು ಒರಳುಕಲ್ಲು ತಂದೆ. ಅದು ಈಗ ಹಾಸನದ ನಮ್ಮ ಮನೆಯ ಮುಂದೆ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಕೂತು, ದಿನಾ ಬೆಳಿಗ್ಗೆ ನನ್ನ ಕಾಲ್ಬೆರಳಿಗೆ ತಾನಿರುವುದನ್ನು ಜ್ಞಾಪಿಸುತ್ತದೆ. ಇಷ್ಟೆಲ್ಲ ಎರಡಾದರೂ ಒಂದನ್ನು ಮಾತ್ರ ಯಾರೂ ಭಾಗ ಮಾಡಲು ಹೋಗಲಿಲ್ಲ. ಅದು ಹಿರಿಯರ ಎಡೆ. ಪಿತೃಪಕ್ಷದಲ್ಲಿ ಒಂದು ದಿನ ಗೊತ್ತು ಮಾಡಿ, ಸತ್ತವರ ಫೋಟೋ ಇಟ್ಟು, ಹೊಸ ಪಂಚೆ ಸೀರೆ ಇಟ್ಟು, ಬಾಳೆ ಎಲೆಯಲ್ಲಿ ಅವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಬಡಿಸಿ, ಮನೆಯವರೆಲ್ಲ ಒಬ್ಬೊಬ್ಬರಾಗಿ ಕೆಂಡಕ್ಕೆ ಧೂಪ ಹಾಕುವುದು. ಒಂದು ವರ್ಷ ಅಣ್ಣನ ಮನೆಯಲ್ಲಿ, ಒಂದು ವರ್ಷ ನಮ್ಮ ಮನೆಯಲ್ಲಿ. ನಮ್ಮ ಕಡೆ ಅಣ್ಣತಮ್ಮಂದಿರು ಭಾಗವಾದರೆ ಜನ ಅದನ್ನು ಮಾಮೂಲಿ ಸುದ್ದಿಯಂತೆ ಹೇಳಿಕೊಂಡು ಹೋಗುತ್ತಾರೆ. ‘ಎಡೆನೂ ಬ್ಯಾರೆ ಆಯ್ತಂತೆ’ ಎನ್ನುವಾಗ ಮಾತ್ರ ದನಿ ತಗ್ಗಿಸುತ್ತಾರೆ. ಅಲ್ಲಿಗೆ ಆ ಮನೆ ಮುಗಿಯಿತು ಎಂದು ಅರ್ಥ.

ಎಡೆಯ ದೊಡ್ಡ ಕಟ್ಟಳೆ ಹಸಿವು. ಧೂಪ ಹಾಕಬೇಕಾದವರೆಲ್ಲ ಬಂದು ಸೇರಿ, ಧೂಪ ಹಾಕಿ ಮುಗಿಯುವವರೆಗೆ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಕಾಫಿ, ನೀರು ನಡೆಯುತ್ತದೆ. ಒಂದು ಮನೆಯ ಜನರನ್ನು ಒಂದು ಕಡೆ ಸೇರಿಸಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ಯಾವ ಸಮಾಜಶಾಸ್ತ್ರಜ್ಞನೂ ಹೇಳಿದ್ದನ್ನು ನಾನು ಓದಿಲ್ಲ. ಪ್ರೀತಿಯಿಂದ ಯಾರೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಹೊಟ್ಟೆ ಚುರುಗುಟ್ಟಿದರೆ ಬರುತ್ತಾರೆ. ಆದರೆ ಯಾರಾದರೂ ಒಬ್ಬರು ತಡಮಾಡಿದರೆ ಉಳಿದವರೆಲ್ಲ ಮಾಂಸದ ಸಾರಿನ ವಾಸನೆ ಕುಡಿಯುತ್ತಾ ಕೂರಬೇಕು. ಆ ಒಬ್ಬರು ನಮ್ಮಲ್ಲಿ ಯಾವಾಗಲೂ ಅಣ್ಣ. ದಾರಿಯಲ್ಲಿ ಯಾರದೋ ತೋಟದ ತೆಂಗು ಕಣ್ಣಿಗೆ ಬಿದ್ದರೆ ಸಾಕು, ಕಾರು ನಿಲ್ಲಿಸಿ ಗೊನೆ ನೋಡಿ, ಅದರ ಯಜಮಾನನ ಮಗಳ ಮದುವೆ ವಿಚಾರ ಎಲ್ಲಿಗೆ ಬಂತು ಅಂತ ಕೇಳಿಕೊಂಡೇ ಬರುವವನು ಅವನು.

ಇನ್ನೊಂದು ತೊಂದರೆ, ಅಪ್ಪನಿಗೆ ಏನಿಷ್ಟ ಎಂಬುದು. ಇದು ಸುಲಭದ ಪ್ರಶ್ನೆ ಎಂದು ನೀವು ತಿಳಿದಿದ್ದರೆ ನಿಮಗೆ ಒಡಹುಟ್ಟಿದವರಿಲ್ಲ ಎಂದಾಯಿತು. ಅಣ್ಣನ ಅಪ್ಪ ಗಾಡಿ ಹೊಡೆದುಕೊಂಡು ಸಂತೆಗೆ ಹೋಗಿ ಬರುತ್ತಿದ್ದ ಕಟ್ಟುಮಸ್ತಾದ ಆಳು. ತಲೆಮಾಂಸ, ಒಣಮೀನಿನ ಸಾರು, ದಪ್ಪ ಮುದ್ದೆ, ಒಂದು ಕಟ್ಟು ಬೀಡಿ, ಸಂತೆಯ ದಿನ ಒಂದು ಕ್ವಾರ್ಟರ್ ಬ್ರಾಂದಿ. ಅಕ್ಕನ ಅಪ್ಪ ಅರಕಲಗೂಡಿಗೆ ಮಗಳನ್ನು ನೋಡಲು ಬಂದು, ಅಳಿಯನ ಮನೆಯಲ್ಲಿ ಸಂಕೋಚದಿಂದ ಜಗಲಿ ಮೇಲೇ ಕೂತು, ಅವಳು ಮಾಡಿದ ಕಜ್ಜಾಯವನ್ನು ಮಾತ್ರ ಎರಡು ಸಲ ಹಾಕಿಸಿಕೊಂಡು ತಿಂದು ಹೋಗುತ್ತಿದ್ದ ಮೆತ್ತಗಿನ ಮನುಷ್ಯ. ನನ್ನ ಅಪ್ಪ ಬೇರೆ. ಅವರಿಗೆ ಶುಗರ್ ಬಂದು, ಆಸ್ಪತ್ರೆ ಹತ್ತಿರ ಎಂದು ಕೊನೆಯ ವರ್ಷಗಳಲ್ಲಿ ಹಾಸನದ ನಮ್ಮ ಮನೆಯಲ್ಲೇ ಇದ್ದರು. ಬೆಳಿಗ್ಗೆ ಸಕ್ಕರೆಯಿಲ್ಲದ ಟೀ, ಹೊತ್ತಿಗೆ ಎರಡು ಚಪಾತಿ. ಮೊದಮೊದಲು, “ಇದೇನವ್ವಾ ಸುಮಿತ್ರ, ಒದ್ದೆ ಬಟ್ಟೆ ಅಗಿದಂಗೈತೆ” ಎಂದು ಬೈದುಕೊಂಡೇ ತಿನ್ನುತ್ತಿದ್ದರು. ಆಮೇಲಾಮೇಲೆ ಅದೇ ರೂಢಿಯಾಗಿ, ಒಂದು ಹಬ್ಬದ ದಿನ ಪಾಪ ಎಂದು ಸುಮಿತ್ರ ಮುದ್ದೆ ಇಟ್ಟರೆ, “ಚಪಾತಿ ಇಲ್ವೇನವ್ವಾ?” ಎಂದು ಎಲೆಯ ಸುತ್ತ ಹುಡುಕಿದರು. ಅವಳು ಆಮೇಲೆ ಹೆಮ್ಮೆಯಿಂದ ಎರಡು ದಿನ ಅದನ್ನೇ ಹೇಳಿಕೊಂಡು ಓಡಾಡಿದಳು.

ಹಾಗಾಗಿ ನಮ್ಮ ಮನೆಯ ಮೊದಲ ಎಡೆಗೆ ಸುಮಿತ್ರ ತಲೆಮಾಂಸ, ಕಜ್ಜಾಯಗಳ ಜೊತೆ ಎರಡು ಚಪಾತಿಯನ್ನೂ ಇಟ್ಟಳು. ಅಣ್ಣ ಎಲೆಯನ್ನು ನೋಡಿದ. “ಏನ್ಲಾ ಚಂದ್ರ ಇದು, ಸತ್ತೋರ್ಗೂ ಶುಗರ್ ನೋಡ್ತೀರೇನ್ಲಾ? ಬದ್ಕಿದ್ದಾಗ ಅವ್ನ ಬಾಯಿ ಕಟ್ಟಿದ್ದು ಸಾಲ್ದಾ?” ಎಂದು, ಆ ಚಪಾತಿಗಳನ್ನು ಬೆರಳ ತುದಿಯಲ್ಲಿ ಹಿಡಿದು ಎಲೆಯಿಂದ ಆಚೆ ಇಟ್ಟ. ಸುಮಿತ್ರ ಅಡುಗೆಮನೆಗೆ ಹೋಗಿ ಮಿಕ್ಸಿ ಹಾಕಿದಳು. ಮಿಕ್ಸಿಯಲ್ಲಿ ಏನೂ ಇರಲಿಲ್ಲ. ಅವಳು ಅಳುವ ಸದ್ದು ಹೊರಗೆ ಕೇಳದಿರಲಿ ಎಂದು ಹಾಕಿದ್ದಳು ಅಷ್ಟೆ. ಅಲ್ಲಿಂದ ಮುಂದೆ ನಮ್ಮ ಮನೆಯ ಸರದಿ ಬಂದಾಗಲೆಲ್ಲ ಅವಳು ಚಪಾತಿಯನ್ನು ಒಬ್ಬಟ್ಟಿನ ಕೆಳಗೆ ಅಡಗಿಸಿ ಇಡುವುದು, ಅಣ್ಣ ಅದನ್ನು ಹುಡುಕಿ ಹೊರಗೆ ಹಾಕುವುದು ಎಡೆಯ ಶಾಸ್ತ್ರಗಳಲ್ಲಿ ಒಂದಾಗಿ ಸೇರಿಕೊಂಡಿತು. ಅಣ್ಣ ಅಷ್ಟಕ್ಕೇ ಬಿಡದೆ ಯಾವ ಮದುವೆ, ಬೀಗರೂಟಕ್ಕೆ ಹೋದರೂ, “ನಮ್ ಮೇಷ್ಟ್ರು ಅಪ್ಪನ ಎಡೆಗೆ ಚಪಾತಿ ಇಟ್ಟ ಕತೆ ಗೊತ್ತೇನ್ರಪ್ಪಾ” ಎಂದು ಶುರುಮಾಡುತ್ತಿದ್ದ. ಶ್ರವಣಬೆಳಗೊಳದ ಹತ್ತಿರ ಒಂದು ಮದುವೆಯಲ್ಲಿ ನನಗೆ ಪರಿಚಯವೇ ಇಲ್ಲದವರೊಬ್ಬರು ಬಂದು, “ಚಪಾತಿ ಚಂದ್ರಣ್ಣ ನೀವೇ ಅಲ್ವಾ?” ಎಂದು ಕೈ ಕುಲುಕಿದರು.

ಈ ವರ್ಷ ಸರದಿ ನಮ್ಮದು. ಅಮಾವಾಸ್ಯೆಯ ಹಿಂದಿನ ಭಾನುವಾರ ಎಂದು ಗೊತ್ತು ಮಾಡಿ ಅಣ್ಣನಿಗೆ ಫೋನ್ ಮಾಡಿದೆ. ಯಾವಾಗಲೂ ಹತ್ತು ನಿಮಿಷ ಕೊಬ್ಬರಿ ರೇಟಿನ ಬಗ್ಗೆ ಮಾತಾಡುವವನು ಈ ಸಲ ಸುಮ್ಮನೆ ಕೇಳಿಸಿಕೊಂಡ. ಆಮೇಲೆ, “ಬತ್ತೀನಿ. ಧೂಪ ಆಕ್ತೀನಿ. ಊಟಕ್ಕೆ ಮಾತ್ರ ಕೂರಾಕಿಲ್ಲ ಕಣ್ಲಾ” ಎಂದ. “ಯಾಕಣ್ಣ?” ಎಂದೆ. “ಯಾಕೂ ಇಲ್ಲ. ಕೂರಾಕಿಲ್ಲ ಅಂದ್ರೆ ಕೂರಾಕಿಲ್ಲ” ಎಂದು ಫೋನ್ ಇಟ್ಟುಬಿಟ್ಟ.

ಇದರ ಅರ್ಥ ಹೊರಗಿನವರಿಗೆ ಬಿಡಿಸಿ ಹೇಳಬೇಕು. ಎಡೆಗೆ ಬಾರದೇ ಇದ್ದರೆ ಅದಕ್ಕೆ ಕ್ಷಮೆ ಇದೆ. ಹಸುವಿಗೆ ಹುಷಾರಿಲ್ಲ, ಬಸ್ಸು ತಪ್ಪಿತು, ಏನಾದರೂ ಹೇಳಬಹುದು. ಆದರೆ ಬಂದು, ಧೂಪ ಹಾಕಿ, ಊಟಕ್ಕೆ ಕೂರದೆ ಎದ್ದು ಹೋಗುವುದು ಎಂದರೆ ಮುಂದಿನ ವರ್ಷದಿಂದ ನಿಮ್ಮ ಹಿರಿಯರು ನಿಮಗೆ, ನಮ್ಮ ಹಿರಿಯರು ನಮಗೆ ಎಂದು ಸಾರಿದ ಹಾಗೆ. ನಮ್ಮ ತಾತನ ಅಣ್ಣತಮ್ಮಂದಿರಲ್ಲಿ ಒಬ್ಬರು ಹೀಗೆ ಧೂಪ ಹಾಕಿ ಟವೆಲ್ ಕೊಡವಿಕೊಂಡು ಹೋದವರು ಮತ್ತೆ ಆ ಮನೆ ಮೆಟ್ಟಿಲು ಹತ್ತಲಿಲ್ಲವಂತೆ. ಈಚೆಗೆ ಅವರ ಕಡೆಯವರು ಹುಡುಗನ ಸಮೇತ ಆ ಮನೆಯ ಹುಡುಗಿಯನ್ನು ನೋಡಲು ಬಂದು, ಉಪ್ಪಿಟ್ಟು ಕೇಸರಿಬಾತು ಆದ ಮೇಲೆ ಮನೆದೇವರು ಯಾವುದೆಂದು ಮಾತು ಬಂದು, ತಾವು ದಾಯಾದಿಗಳು ಎಂದು ತಿಳಿದು ಎದ್ದು ಹೋದರು. ಸ್ವಂತ ರಕ್ತಸಂಬಂಧವನ್ನು ಕೇಸರಿಬಾತು ತಿಂದ ಮೇಲೆ ಪತ್ತೆ ಹಚ್ಚುವ ಸ್ಥಿತಿ ನಮಗೂ ಬಂತಲ್ಲ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಸುದ್ದಿ ಕೇಳಿದ ಅಕ್ಕ ಫೋನಿನಲ್ಲೇ ಅತ್ತಳು. “ನೀವಿಬ್ರೂ ಎಡೆ ಬ್ಯಾರೆ ಮಾಡ್ಕಂಡ್ರೆ ನಾನ್ ಯಾರ್ ಮನೆಗ್ಲಾ ಬರ್ಲಿ? ನಿಮ್ಗೇನು, ಇಬ್ರಿಗೂ ಮನೆ ಐತೆ. ನಂಗೆ ತವರು ಅಂತ ಇರಾದು ಒಂದೇಯ” ಎಂದಳು. ನಾನು ಸುಮಿತ್ರಳ ಮುಂದೆ ಕೂತು, ಅವಿಭಕ್ತ ಕುಟುಂಬದ ವಿಘಟನೆಗೆ ನಗರೀಕರಣ ಮತ್ತು ವ್ಯಕ್ತಿವಾದ ಹೇಗೆ ಕಾರಣ ಎಂದು ವಿವರಿಸಿದೆ. ಅವಳು ಅವರೆಕಾಯಿ ಬಿಡಿಸುತ್ತಾ ಪೂರ್ತಿ ಕೇಳಿ, “ಕಾರಣ ಚಪಾತಿ” ಎಂದಳು. ಇನ್ನೆರಡು ಕಾಯಿ ಬಿಡಿಸಿ, “ಈ ಸಲ ಇಡಲ್ಲ ಬಿಡಿ. ಮಾವ ಏನಂದುಕೊಳ್ಳಲ್ಲ. ಭಾವ ಊಟ ಮಾಡಿಕೊಂಡು ಹೋದರೆ ಸಾಕು” ಎಂದಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ, ಅವರೆಕಾಯಿ ನೋಡಿದೆ.

ಒಂದು ಮಾತು ನಿಮ್ಮ ಹತ್ತಿರ ಹೇಳುವುದರಲ್ಲಿ ತಪ್ಪಿಲ್ಲ. ಆ ವಾರವೆಲ್ಲ ಎಡೆಗೆ ಸಾಮಾನು ಹೊತ್ತು ಹೊತ್ತು ಸೋತು, ಎಡೆ ಬೇರೆಯಾದರೆ ಎಷ್ಟು ಹಾಯಾಗಿರುತ್ತದೆ ಎಂದೂ ನನಗೆ ಅನ್ನಿಸಿತ್ತು. ಒಂದು ಮುದ್ದೆ, ಒಂದು ಬಟ್ಟಲು ಸಾರು, ಎರಡು ಚಪಾತಿ, ಮಧ್ಯಾಹ್ನಕ್ಕೆ ಊಟ ಮುಗಿಸಿ ನಿದ್ದೆ. ಆದರೆ ಆಮೇಲೆ ಅಪ್ಪನ ಯೋಚನೆ ಬಂತು. ಚನ್ನರಾಯಪಟ್ಟಣದಲ್ಲಿ ತಲೆಮಾಂಸ, ಹಾಸನದಲ್ಲಿ ಚಪಾತಿ. ಅಪ್ಪ ಎರಡೂ ಊರಿನ ನಡುವಿನ ಶಾಂತಿಗ್ರಾಮದಲ್ಲಿ ಬಸ್ಸಿಳಿದು, ಯಾವ ಕಡೆ ಹೋಗುವುದೆಂದು ತಿಳಿಯದೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ರಸ್ತೆ ಬದಿಯಲ್ಲಿ ನಿಂತಿರುವ ಹಾಗೆ ಕಂಡಿತು. ನನಗೆ ದೇವರು ದಿಂಡರ ಮೇಲೆ ಅಂಥ ನಂಬಿಕೆಯೇನೂ ಇಲ್ಲ. ಆದರೂ ಆ ನಿಂತ ಮನುಷ್ಯನನ್ನು ಕಣ್ಣಿಂದ ತೆಗೆಯಲು ಆಗಲಿಲ್ಲ.

ಶನಿವಾರವೇ ಅಕ್ಕ ಅರಕಲಗೂಡಿನಿಂದ ಕಜ್ಜಾಯದ ಪಾಕದ ಹಿಟ್ಟು ಸಮೇತ ಬಂದಿಳಿದಳು. ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗೆ ಬೆಂಕಿ ಹಾಕಿದ್ದರಿಂದ ಅವಳ ಯಜಮಾನರು ಬರುವಂತಿರಲಿಲ್ಲ. ಭಾನುವಾರ ಬೆಳಕು ಹರಿಯುವ ಮೊದಲೇ ನಾನು ಮಾಂಸದಂಗಡಿಯ ಸಾಲಿನಲ್ಲಿ ನಿಂತಿದ್ದೆ. ಪಿತೃಪಕ್ಷದ ಭಾನುವಾರ ಹಾಸನದಲ್ಲಿ ತಲೆಮಾಂಸ ಸಿಗುವುದು ಮೆಡಿಕಲ್ ಸೀಟು ಸಿಕ್ಕ ಹಾಗೆ. ಆಮೇಲೆ ಬ್ರಾಂದಿ. ಮೇಷ್ಟ್ರಾದವನು ವೈನ್ ಶಾಪಿಗೆ ಹೋಗುವುದು ಹೇಗೆ? ಹೆಲ್ಮೆಟ್ ತೆಗೆಯದೆ, ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಹೋದೆ. ಪಕ್ಕದಲ್ಲಿ ನಿಂತಿದ್ದವನು, “ನಮಸ್ಕಾರ ಸಾ” ಎಂದ. ಹಳೆಯ ಶಿಷ್ಯ. ನಡಿಗೆಯಲ್ಲೇ ಗುರುತು ಹಿಡಿದಿದ್ದ. “ಇದು ನಮ್ಮ ತಂದೆಯವರಿಗಪ್ಪ” ಎಂದು ತೊದಲಿದೆ. “ಗೊತ್ತು ಸಾ, ಇದೂ ನಮ್ ತಾತಂಗೇಯ” ಎಂದು ತನ್ನ ಕೈಯಲ್ಲಿದ್ದದ್ದನ್ನು ತೋರಿಸಿದ. ನೋಡಿದರೆ ಆ ಸಾಲಿನಲ್ಲಿದ್ದವರೆಲ್ಲ ಯಾರಾದರೂ ಸತ್ತವರಿಗಾಗಿಯೇ ಬಂದಿದ್ದರು.

ಸುಮಿತ್ರ ಬೆಳಗಿನ ಜಾವದಿಂದ ಒಲೆಯ ಮುಂದಿದ್ದಳು. ಅಕ್ಕ ಕಜ್ಜಾಯ ಬೇಯಿಸಿದಳು, ನನ್ನ ಮಗಳು ನಯನ ತೆಂಗಿನಕಾಯಿ ತುರಿದು ಕೊಟ್ಟು ಉಪಕಾರ ಮಾಡಿದಳು, ಕೋಳಿ, ಒಣಮೀನು ಸೇರಿ ಉಳಿದದ್ದೆಲ್ಲ ಸುಮಿತ್ರಳದೇ. ಹನ್ನೊಂದರ ಹೊತ್ತಿಗೆ ಎಡೆ ಸಿದ್ಧವಾಯಿತು. ಒಬ್ಬಟ್ಟಿನ ಕೆಳಗೆ ಏನೂ ಇರಲಿಲ್ಲ, ನಾನು ಎತ್ತಿ ನೋಡಿದೆ. ಅಣ್ಣ ಬರಲಿಲ್ಲ. ಕೆಂಡ ಬೂದಿಯಾಯಿತು, ಮತ್ತೆ ಹೊತ್ತಿಸಿದೆವು. ಫೋನ್ ಮಾಡಿದರೆ, “ಶಾಂತಿಗ್ರಾಮದಾಗಿವ್ನಿ, ಬಂದೆ” ಎಂದ. ಶಾಂತಿಗ್ರಾಮದಿಂದ ಹಾಸನ ಎಷ್ಟು ದೂರ? ಒಂದು ತಾಂಬೂಲ ಜಗಿದು ಉಗುಳುವಷ್ಟರಲ್ಲಿ ಬರಬಹುದು. ಬಹಳ ಹೊತ್ತಾದ ಮೇಲೆ ಮತ್ತೆ ಮಾಡಿದೆ. “ಶಾಂತಿಗ್ರಾಮದಾಗೇ ಇವ್ನಿ ಕಣ್ಲಾ” ಎಂದ, ದನಿ ಸಣ್ಣಗಿತ್ತು. ಅಕ್ಕ ಬಾಗಿಲ ಕಡೆ ನೋಡುವುದನ್ನು ಬಿಟ್ಟು ಸೆರಗಿನ ತುದಿ ಸುತ್ತತೊಡಗಿದಳು. “ಬರಾಕಿಲ್ಲ ಕಣ್ಲಾ ಅವ್ನು. ಅಲ್ಲಿಂದ್ಲೇ ತಿರುಗ್ಸಿಕೊಂಡು ಓಗ್ತಾನೆ ನೋಡ್ತಿರು” ಎಂದಳು. ನಾನು ಧೈರ್ಯ ಹೇಳಬೇಕಾದವನು. ಆದರೆ ಹಸಿವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಬಾಗಿಲ ಹಿಂದೆ ನಿಂತು ಡಬ್ಬಿಯಿಂದ ತೆಗೆದ ಒಂದು ಚಕ್ಕುಲಿಯನ್ನು ಸದ್ದಾಗದಂತೆ ಬಾಯಲ್ಲಿ ನೆನೆಸಿ ನೆನೆಸಿ ತಿಂದೆ. ಚಕ್ಕುಲಿಯನ್ನು ಸದ್ದಿಲ್ಲದೆ ತಿನ್ನುವುದು ಬಹಳ ಕಷ್ಟ, ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಕೊನೆಗೆ ಕಾರು ಬಂತು. ಅಣ್ಣ ಇಳಿದ. ಸೊರಗಿದ್ದ. ಷರ್ಟು ಹೆಗಲಿನಿಂದ ಇಳಿಬಿದ್ದಿತ್ತು. ಅತ್ತಿಗೆ ಒಂದು ಬಟ್ಟೆಯ ಚೀಲವನ್ನು ಎದೆಗೆ ಅವುಚಿಕೊಂಡು ಹಿಂದೆ ಬಂದರು. ಯಾರ ಮುಖವನ್ನೂ ನೋಡದೆ ಅಣ್ಣ ಕೈಕಾಲು ತೊಳೆದು ನೇರವಾಗಿ ಎಡೆಯ ಮುಂದೆ ಹೋಗಿ ನಿಂತ. ಎಲೆಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದ. ಒಬ್ಬಟ್ಟನ್ನು ಎತ್ತಿದ.

“ಚಪಾತಿ ಎಲ್ಲಿ?” ಎಂದ.

ಸುಮಿತ್ರಳ ಮುಖ ಕೆಂಪಾಯಿತು. ಈ ಸಲ ಇಡದೆ ಇದ್ದರೂ ಚುಚ್ಚುತ್ತಾನಲ್ಲ ಎಂದು ನನಗೂ ರೇಗಿತು. “ಇಟ್ಟಿಲ್ಲ ಭಾವ. ನಿಮಗೆ ಬೇಜಾರಾಗುತ್ತೆ ಅಂತ...” ಎಂದಳು ಸುಮಿತ್ರ. ಅಣ್ಣ ಹೆಂಡತಿಯ ಕಡೆ ತಿರುಗಿದ. ಅತ್ತಿಗೆ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಚಪಾತಿಗಳಿದ್ದವು. ಅಣ್ಣ ಅದರಿಂದ ಒಂದನ್ನು ತೆಗೆದು ಎಲೆಯ ಮೇಲೆ, ಒಬ್ಬಟ್ಟಿನ ಕೆಳಗಲ್ಲ, ಮೇಲೇ ಇಟ್ಟ.

“ಅವ್ರಿಗೆ ಶುಗರ್ ಬಂದೈತೆ ಕಣಪ್ಪ” ಎಂದರು ಅತ್ತಿಗೆ ನನ್ನ ಕಡೆ ನೋಡಿ. “ಡಾಕ್ಟ್ರು ಇದ್ನೇ ತಿನ್ಬೇಕು ಅಂದವ್ರೆ. ನಿಮ್ಮೆಲ್ಲಾರ್ ಮುಂದೆ ಎಂಗೆ ತಿನ್ಲಿ, ಊರೆಲ್ಲ ನಾನೇ ಆಡ್ಕಂಡಿವ್ನಿ ಅಂತ ಒಂದ್ ತಿಂಗ್ಳಿಂದ ಒದ್ದಾಡ್ತಾವ್ರೆ. ಅದ್ಕೇಯ ಊಟಕ್ಕೆ ಕೂರಾಕಿಲ್ಲ ಅಂದಿದ್ದು.”

ನಗರೀಕರಣ ಮತ್ತು ವ್ಯಕ್ತಿವಾದ ಎರಡೂ ಅಲ್ಲೇ ಬಿದ್ದುಹೋದವು. ಅಣ್ಣ ತಲೆ ತಗ್ಗಿಸಿ ಧೂಪ ಹಾಕಿದ. ಅಕ್ಕ ಅಳುತ್ತಾ ನಗುತ್ತಾ ಹಾಕಿದಳು. ನಾನು ಹಾಕಿದೆ, ಅತ್ತಿಗೆ, ಸುಮಿತ್ರ, ನಯನ ಹಾಕಿದರು. ಹೊಗೆ ಅಪ್ಪನ ಫೋಟೋವನ್ನು ಮುಚ್ಚಿತು. ಆಮೇಲೆ ಪದ್ಧತಿಯಂತೆ ಕೋಣೆಯ ಬಾಗಿಲು ಮುಚ್ಚಿ, ಹಿರಿಯರು ಬಂದು ಉಣ್ಣಲಿ ಎಂದು ನಾವೆಲ್ಲ ಹೊರಗೆ ಬಂದು ನಿಂತೆವು.

ಅಣ್ಣ ಒರಳುಕಲ್ಲಿನ ಮೇಲೆ ಕೂತ. ನಾನು ಸ್ಕೂಟರಿಗೆ ಒರಗಿದೆ. “ಲೇ ಚಂದ್ರ, ಅಪ್ಪ ಅದೆಂಗ್ ತಿಂತಿದ್ನೋ ಅದ್ನ?” ಎಂದ. “ಬೈಕೊಂಡು ತಿಂತಿದ್ರು” ಎಂದೆ. “ಏನಂತ ಬೈತಿದ್ದ?” ಎಂದು ಆಸೆಯಿಂದ ಕೇಳಿದ. ಒದ್ದೆ ಬಟ್ಟೆಯ ಮಾತು ಹೇಳಿದೆ. ಅಣ್ಣ ಜೋರಾಗಿ ನಕ್ಕ. ನಗು ನಿಂತ ಮೇಲೆ, “ನಂಗೆ ಆ ಅಪ್ಪ ಗೊತ್ತೇ ಇಲ್ವಲ್ಲೋ. ಬಂದಾಗೆಲ್ಲ ಅರ್ಧ ಗಂಟೆ ಕೂತು ಓಗ್ಬುಡ್ತಿದ್ದೆ. ಈಗ ದಿನಾ ಆ ಚಪಾತಿ ಮುರಿಯೋವಾಗ, ಇಂಗೇ ಮುರೀತಿದ್ನೇನೋ ಅನ್ನಿಸ್ತದೆ” ಎಂದ. ಅವನು ದನಿ ತಗ್ಗಿಸಿ, “ಇನ್ನೊಂದ್ ತಪ್ಪಾಗೈತೆ ಕಣ್ಲಾ. ಶಾಂತಿಗ್ರಾಮದತ್ರ ಕೈಕಾಲು ನಡುಗಾಕ್ ಸುರುವಾಯ್ತು. ಮಾತ್ರೆ ನುಂಗಿದ್ದೆ. ಧೂಪಕ್ಕೆ ಮುಂಚೆ ತಿನ್ನಬಾರ್ದು ಅಂತ ಕೂತೇ ಇದ್ದೆ, ನಿಮ್ಮತ್ಗೆ ಬಿಡ್ನಿಲ್ಲ. ಒಂದ್ ಚಪಾತಿ ತಿಂದ್ಬುಟ್ಟೆ” ಎಂದ.

ಅವನ ಮುಖ ನೋಡಿ ನನಗೆ ತಡೆಯಲಾಗದೆ, “ನಾನೂ ಒಂದು ಚಕ್ಕುಲಿ ತಿಂದೆ ಅಣ್ಣ” ಎಂದೆ. ನನಗೆ ನಡುಕವೂ ಇರಲಿಲ್ಲ, ಮಾತ್ರೆಯೂ ಇರಲಿಲ್ಲ, ಅದನ್ನು ಮಾತ್ರ ಹೇಳಲಿಲ್ಲ. ಹಿಂದಿನಿಂದ ಅಕ್ಕ, “ಕಜ್ಜಾಯ ಬೆಂದೈತಾ ಅಂತ ನೋಡ್ಬೇಕಲ್ಲ, ನಾನೂ ಒಂದೆಲ್ಡು...” ಎಂದು ರಾಗ ಎಳೆದಳು. ನಯನ ತೆಂಗಿನತುರಿಯ ಲೆಕ್ಕ ಒಪ್ಪಿಸಿದಳು. ಅತ್ತಿಗೆ ಕಾರಿನಲ್ಲಿ ಗಂಡನಿಗೆ ಜೊತೆಯಾಗಿ ಅರ್ಧ ಚಪಾತಿ ತಿಂದಿದ್ದರು. ಅಪ್ಪನ ಸ್ವಂತ ಮಕ್ಕಳು, ಮೊಮ್ಮಗಳು, ದೊಡ್ಡ ಸೊಸೆ, ಕಟ್ಟಳೆ ಮುರಿಯದವರು ಒಬ್ಬರೂ ಇರಲಿಲ್ಲ. ಎಲ್ಲರೂ ನಗುತ್ತಾ ಇರುವಾಗ ಅಣ್ಣ ಥಟ್ಟನೆ, “ಸುಮಿತ್ರ, ನೀನೇನವ್ವ ತಿಂದೆ?” ಎಂದ.

ಎಲ್ಲರೂ ತಿರುಗಿ ನೋಡಿದೆವು. ಸುಮಿತ್ರ ಗೋಡೆಗೆ ಒರಗಿ, ಕಣ್ಣು ಮುಚ್ಚಿ ನಿಂತಿದ್ದಳು. ಕೂದಲಿಗೆ ಹಿಟ್ಟು ಮೆತ್ತಿತ್ತು. ಕಣ್ಣು ತೆರೆದು, ತನ್ನಿಂದ ಏನೋ ತಪ್ಪಾಯಿತೇನೋ ಎಂಬಂತೆ, “ಏನೂ ಇಲ್ಲ ಭಾವ. ಕಾಫಿ ಕೂಡ ಆಗಲಿಲ್ಲ, ಹೊತ್ತೇ ಸಿಗಲಿಲ್ಲ” ಎಂದಳು. ಯಾರೂ ನಗಲಿಲ್ಲ. ನನ್ನ ಬಾಯಲ್ಲಿ ಉಳಿದಿದ್ದ ಚಕ್ಕುಲಿಯ ರುಚಿ ಆಗ ಕೆಟ್ಟುಹೋಯಿತು.

ಅಣ್ಣ ಎದ್ದ. ಬಾಗಿಲ ಮುಂದೆ ನಿಂತು ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆದ. “ಹೆಂಗಸ್ರು ಆಮ್ಯಾಕೆ ಅನ್ನಾದು ಇವತ್ತು ಬ್ಯಾಡ. ಮೊದ್ಲ ಎಲೆ ಅವ್ಳಿಗೆ ಆಕು. ನನ್ ಪಕ್ಕದಾಗೆ” ಎಂದು ಊಟಕ್ಕೆ ಕೂತ. ಕೂರಾಕಿಲ್ಲ ಎಂದವನು ಚಕ್ಕಂಬಕ್ಕಳ ಹಾಕಿ ಕೂತು, ಎಲ್ಲರೆದುರಿಗೆ ತನ್ನ ಡಬ್ಬಿ ಬಿಚ್ಚಿದ. ಅಕ್ಕ ಅದನ್ನು ನೋಡಿದ ಮೇಲೆ ಸೆರಗು ಸುತ್ತುವುದನ್ನು ಬಿಟ್ಟಳು. ಸುಮಿತ್ರ ಸಂಕೋಚದಿಂದ ಅವನ ಪಕ್ಕ ಕೂತಳು. ಅಣ್ಣ ಡಬ್ಬಿಯಿಂದ ಒಂದು ಚಪಾತಿ ತೆಗೆದು ಅವಳ ಎಲೆಗೆ ಹಾಕಲು ಹೋದ, ಒಂದು ರೀತಿಯ ಪ್ರಾಯಶ್ಚಿತ್ತ ಇರಬೇಕು. ಅವಳು ಎರಡೂ ಕೈ ಅಡ್ಡ ಹಿಡಿದು, “ಅಯ್ಯೋ ಬೇಡ ಭಾವ, ನನಗೆ ಚಪಾತಿ ಅಂದ್ರೆ ಆಗಲ್ಲ!” ಎಂದಳು. ಅಷ್ಟು ವರ್ಷ ಹೊತ್ತಿಗೆ ಸರಿಯಾಗಿ ಲಟ್ಟಿಸಿದವಳು ಒಂದು ದಿನವೂ ಅದನ್ನು ಇಷ್ಟಪಟ್ಟು ತಿಂದಿರಲಿಲ್ಲ ಎಂಬುದು ನನಗೆ ಆವತ್ತು ಗೊತ್ತಾಯಿತು.

“ಲೋ ಚಂದ್ರ, ಸುಮ್ನೆ ನಿಂತಿದ್ದೀಯಲ್ಲ, ಬಡ್ಸು. ಅವ್ಳಿಗೆ ಏನಿಷ್ಟವೋ ಅದ್ನ ಮೊದ್ಲು ಬಡ್ಸು” ಎಂದಳು ಅಕ್ಕ.

ನಾನು ಸೌಟು ಹಿಡಿದು ಸುಮಿತ್ರಳ ಎಲೆಯ ಮುಂದೆ ಬಗ್ಗಿದೆ. ಮುದ್ದೆಯೋ ಅನ್ನವೋ? ತಲೆಮಾಂಸವೋ ಕೋಳಿಯೋ? ಅವಳು ಒಣಮೀನು ತಿನ್ನುತ್ತಾಳೆಯೇ? ಕಜ್ಜಾಯ? ಬಗ್ಗಿದವನು ಹಾಗೇ ನಿಂತೆ. ಸತ್ತವರೊಬ್ಬರಿಗೆ ಏನಿಷ್ಟ ಎಂದು ವರ್ಷಗಟ್ಟಲೆ ಮೂವರೂ ಜಗಳವಾಡಿದ್ದೆವು. ಎದುರಿಗೆ ಕೂತಿದ್ದವಳಿಗೆ ಏನಿಷ್ಟ ಎಂದು ನನಗೆ ಹೊಳೆಯಲಿಲ್ಲ. ಅಣ್ಣನೂ ಅಕ್ಕನೂ ನನ್ನ ಮುಖ ನೋಡುತ್ತಿದ್ದರು. ಸೌಟಿನಿಂದ ಸಾರು ನನ್ನ ಪಂಚೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಬಹಳ ಮೆಲ್ಲಗೆ, “ಏನು ಹಾಕಲಿ?” ಎಂದು ಅವಳನ್ನೇ ಕೇಳಿದೆ.

ಸುಮಿತ್ರ ತಲೆಯೆತ್ತಲಿಲ್ಲ. “ಮುದ್ದೆ ಹಾಕಿ, ಕೋಳಿ ಸಾರು ಹಾಕಿ. ಮೀನು ಬೇಡ” ಎಂದಳು. ಒಂದು ತುತ್ತು ಮುರಿದು ಸಾರಿಗೆ ಅದ್ದಿಕೊಳ್ಳುತ್ತಾ, “ಆಮೇಲೆ ಆ ಶ್ರಮವಿಭಜನೆ ಅಧ್ಯಾಯ ಇವತ್ತು ಮುಗಿಸಿಬಿಡಿ. ಫೋನ್ ಬಂದರೆ ನಾನು ಎತ್ತಿಕೊಳ್ತೀನಿ” ಎಂದಳು.

ಸಂಜೆ ಅಣ್ಣ ಹೊರಡುವಾಗ, “ಬರೋ ವರ್ಷ ನಮ್ಮನೇಲಿ. ಎಲ್ರೂ ಬರ್ಬೇಕು” ಎಂದು ಕಾರಿನಿಂದ ಕೂಗಿ ಹೇಳಿದನಂತೆ. ಅಕ್ಕನೂ ಸುಮಿತ್ರಳೂ ಬಾಗಿಲಲ್ಲಿ ನಿಂತು ಕೈ ಬೀಸಿದರಂತೆ. ನಾನು ನೋಡಲಿಲ್ಲ, ಒಳಗೆ ಸಿಂಕಿನ ಮುಂದೆ ಇದ್ದೆ. ಹಂಡೆಯಷ್ಟು ದೊಡ್ಡ ಸಾರಿನ ಪಾತ್ರೆ, ಕಜ್ಜಾಯದ ಬಾಣಲಿ, ಮುದ್ದೆಯ ತಪ್ಪಲೆ, ಅದರ ಹಿಂದೆ ಇನ್ನಷ್ಟು. ಈ ಅಧ್ಯಾಯವನ್ನು ಪ್ರತಿ ವರ್ಷ ನಾನು ಮಕ್ಕಳಿಗೆ ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತೇನೆ. ಅದು ಇಷ್ಟು ದೊಡ್ಡದು ಎಂದು ನನಗೆ ಗೊತ್ತೇ ಇರಲಿಲ್ಲ.